ಫ್ರಾಂಕ್ ಅವರ ಹೆಚ್ಚಿನ ಬೀಟ್

ಗೆಳೆಯರೇ, ಅಮೆರಿಕದ ವೆಸ್ಟ್ ವಿಂಡ್ಸರ್ ಊರಿನ ನಮ್ಮ ಪಿಟೀಲು ಕೂಟಕ್ಕಾಗಿ ಹಳೆಯ ಅಮೆರಿಕನ್ ಜನಪದ ಮಟ್ಟುಗಳನ್ನು ನಮ್ಮೊಂದಿಗೇ ನುಡಿಸುವ ಮೇಘನಾ ಎಂಬ ಕಾಲೇಜು ವಿದ್ಯಾರ್ಥಿನಿ ಶ್ರದ್ಧೆಯಿಂದ ಕಂಪ್ಯೂಟರಿನಲ್ಲಿ ಸ್ವರಲಿಪಿಯಾಗಿ ಬರೆದಿಡುತ್ತಿದ್ದಾಳೆ. ಇಂದು, ಕಳೆದ ಚಳಿಗಾಲದಲ್ಲಿ ತೀರಿಕೊಂಡ ನಮ್ಮ ಹಿರಿಯ ಫ್ರಾಂಕ್ ಕಲಿಸಿದ ಮಟ್ಟಿನ ಸರದಿ.

"ಅಂಕಲ್, ಇಲ್ಲೊಂದು ಬೀಟ್ ಎಕ್ಸ್‌ಟ್ರಾ ಇತ್ತು, ಡಿಲೀಟ್ ಮಾಡ್ದೆ."

"ಅಯ್ಯೋ, ಅದು ಬೇಕಮ್ಮ! ಅಲ್ಲಿ ಫ್ರಾಂಕ್ ಕಮಾನು ಎತ್ತಿ ನಮ್ಮನ್ನೆಲ್ಲ ನೋಡಿ ನಗ್ತಿದ್ರಲ್ಲ!" ಎಂದೆ ನಾನು.

"ನಗೋದನ್ನ ನೊಟೇಶನ್‌ನಲ್ಲಿ ಹೇಗೆ ಬರೀಲಿ ಅಂಕಲ್? ಹೊಸಬರು ಕನ್‌ಫ್ಯೂಸ್ ಆಗ್ತಾರೆ."

ಅವಳು ತಿದ್ದಿದ ಪ್ರತಿಯನ್ನೇ ಎದುರಿಗಿಟ್ಟುಕೊಂಡು ಎಲ್ಲರೂ ನುಡಿಸಿದೆವು. ಆ ಜಾಗ ಬಂದೊಡನೆ ಎಲ್ಲರ ಕಮಾನುಗಳೂ ತಾವಾಗಿಯೇ ಮೇಲೆದ್ದವು, ಮೇಘನಾಳದೂ ಸಹ.

ಅವಳು ಆ ಬೀಟನ್ನು ಮರಳಿ ಸೇರಿಸಿದಳು. ಸಾಫ್ಟ್‌ವೇರ್ ಈಗ ಅಲ್ಲಿ ಕೆಂಪು ಗುರುತು ಹಾಕಿ ತಾಳದ ಲೆಕ್ಕ ತಪ್ಪೆನ್ನುತ್ತಿದೆ. ಅದಕ್ಕೆ ಫ್ರಾಂಕ್ ಅವರ ಪರಿಚಯವಿಲ್ಲ, ಪಾಪ.