ಹಿಟ್ ಇಲ್ಲದ ಒಂದು ಪುಟ

ಒಂದೇ ದನಿ, ಸಾವಿರ ಕಡೆಯಿಂದ. ಆಗೆಲ್ಲ ಲಾಸ್ ಏಂಜಲೀಸಿನ ಸ್ಟೇಡಿಯಮ್ಮಿಗೆ ಬೇಸ್‌ಬಾಲ್ ನೋಡಲು ಬಂದವರೂ ಮಡಿಲಲ್ಲಿ ಟ್ರಾನ್ಸಿಸ್ಟರ್ ಇಟ್ಟುಕೊಂಡು ಕಾಮೆಂಟರಿ ಕೇಳುತ್ತಿದ್ದರು. ಆ ಗುಂಯ್ ಎನ್ನುವ ಸದ್ದಿನ ನಡುವೆ ನನ್ನ ಪಕ್ಕದಲ್ಲಿ ಪೆನ್ಸಿಲಿನ ಸರಸರ. ನೂಲಿನ ಸೀರೆಯ ಮೇಲೆ ಮಗನ ಜಾಕೆಟ್ ತೊಟ್ಟು ಕಮಲಮ್ಮನವರು ತಮ್ಮ ಪುಸ್ತಕದಲ್ಲಿ ಸ್ಕೋರ್ ಬರೆಯುತ್ತಿದ್ದರು. ಅವರ ಹತ್ತಿರ ಮಾತ್ರ ಟ್ರಾನ್ಸಿಸ್ಟರ್ ಇರಲಿಲ್ಲ.

"ನನಗೇ ಕಣ್ಣಿದೆ. ಆ ಕಾಮೆಂಟರಿಯವನು ನೋಡಿದ್ದನ್ನ ನಾನ್ಯಾಕೆ ಬರ್ಕೊಳ್ಳಲಿ?"

ಮೈಸೂರಿನಲ್ಲಿ ಮೂವತ್ತು ವರ್ಷ ಹೈಸ್ಕೂಲಿಗೆ ಮ್ಯಾಥ್ಸ್ ಕಲಿಸಿ, ರಿಟೈರಾಗಿ, ಟೊರೆನ್ಸಿನಲ್ಲಿ ಇಂಜಿನಿಯರಾಗಿದ್ದ ಮಗನ ಮನೆಗೆ ಬಂದವರು. ನಮ್ಮದು ಎದುರು ಮನೆ. ನಾನು ಹೊಸದಾಗಿ ಮದುವೆಯಾಗಿ ಬಂದವಳು. ನನಗೆ ಡ್ರೈವಿಂಗ್ ಲೈಸೆನ್ಸ್ ಇತ್ತು, ಅವರಿಗೆ ಆಟ ತಿಳಿದಿತ್ತು. ಸ್ನೇಹಕ್ಕೆ ಅಷ್ಟು ಸಾಕಾಯಿತು.

ಲಾಸ್ ಏಂಜಲೀಸ್ ಟೀಮಿನ ಚರಿತ್ರೆಯನ್ನು ನೆಂಟರ ಮನೆಯ ಸುದ್ದಿಯಂತೆ ಹೇಳುತ್ತಿದ್ದರು. "ಇವರೂ ಈಸ್ಟ್ ಕೋಸ್ಟಿಂದ ಗಂಟುಮೂಟೆ ಕಟ್ಕೊಂಡು ಬಂದೋರೇ ಕಣೆ ವಿಮಲಾ. ಈಗ ಕೇಳು, ಇದೇ ನಮ್ಮೂರು ಅಂತಾರೆ." ಆಟಗಾರರಿಗೆಲ್ಲ ಅವರದೇ ಹೆಸರು. ಶಾರ್ಟ್‌ಸ್ಟಾಪ್ ಜಾಗದ ಪುಟ್ಟ ಫೀಲ್ಡರ್ ಗುಬ್ಬಚ್ಚಿ, ಎಡಗೈಯಲ್ಲಿ ಚೆಂಡೆಸೆಯುವ ಪಿಚರ್ ಎಡಚ, ಸದಾ ಮುಖ ಗಂಟಿಕ್ಕಿಕೊಂಡಿರುತ್ತಿದ್ದ ಮ್ಯಾನೇಜರ್ ಹೆಡ್ಮಾಸ್ಟ್ರು.

ಅವರಿಗೆ ಗ್ಲಾಕೋಮಾ ಇತ್ತು. ಹೆಚ್ಚೆಂದರೆ ಇನ್ನೊಂದೆರಡು ವರ್ಷ ಕಣ್ಣು ಕಾಣುತ್ತದೆ ಎಂದಿದ್ದರು ಡಾಕ್ಟರು. ಅದನ್ನು ಬಸ್ಸಿನ ಟೈಮು ಹೇಳಿದ ಹಾಗೆ ನನಗೆ ಹೇಳಿ, "ಅಷ್ಟರೊಳಗೆ ಒಂದು ನೋ-ಹಿಟ್ಟರ್ ನೋಡಿ ಬರೀಬೇಕು" ಎಂದರು. ಇಡೀ ಆಟದಲ್ಲಿ ಎದುರಾಳಿಗಳಲ್ಲಿ ಒಬ್ಬನೂ ಒಂದು ಹಿಟ್ ಹೊಡೆಯದಂತೆ, ಅಂದರೆ ಚೆಂಡು ಹೊಡೆದು ಬೇಸ್ ಮುಟ್ಟದಂತೆ, ಎಸೆಯುವುದು, ಅದು ನೋ-ಹಿಟ್ಟರ್. ವರ್ಷಗಟ್ಟಲೆ ಕಾಯಬೇಕಾದ ವಸ್ತು. ಆಗುತ್ತಿರುವಾಗ ಅದರ ಹೆಸರೆತ್ತಬಾರದು ಎಂದು ಆಟಗಾರರಲ್ಲೇ ನಂಬಿಕೆ. ಎಸೆಯುತ್ತಿರುವವನನ್ನು ಯಾರೂ ಮಾತನಾಡಿಸುವುದಿಲ್ಲ.

"ನಮ್ಮಲ್ಲಿ ದೃಷ್ಟಿ ತಾಗುತ್ತೆ ಅಂತಾರಲ್ಲ, ಹಾಗೇ. ಮಗು ಚೆನ್ನಾಗಿ ತಿಂತಿದೆ ಅಂತ ಯಾರಾದ್ರೂ ಬಾಯಿ ಬಿಟ್ಟು ಹೇಳ್ತಾರಾ?"

ಮ್ಯಾಥ್ಸ್ ಟೀಚರ್ ಈ ಮಾತು ಹೇಳುವುದೇ! ಕಾನ್ವೆಂಟಿನಲ್ಲಿ ಓದಿದ ನನಗೆ ನಗು. ಸೂಪರ್‌ಸ್ಟಿಷನ್ ಎಂದರೆ ನಮ್ಮ ಸಿಸ್ಟರ್‌ಗಳು ಉರಿದು ಬೀಳುತ್ತಿದ್ದರು.

ಒಂದು ಶನಿವಾರ ಸ್ಯಾನ್ ಡಿಯಾಗೋಗೆ ಹೋದೆವು. ಅಲ್ಲಿನ ಟೀಮು ಇನ್ನೂ ಹೊಸದು, ಸೋಲುವುದು ಅದಕ್ಕೆ ರೂಢಿಯಾಗಿತ್ತು. ಎಸೆಯುತ್ತಿದ್ದವನು ನಮ್ಮ ಎಡಚ. ಎಂಟನೆಯ ಇನ್ನಿಂಗ್ಸಿಗೆ ಬಂದರೂ ಕಮಲಮ್ಮನವರ ಪುಟದಲ್ಲಿ ಹಿಟ್ ಇಲ್ಲ. ಅವರ ಮೂಗು ಹಾಳೆಗೆ ತಾಗುವಷ್ಟು ಬಗ್ಗಿತ್ತು.

ನನಗೆ ತಡೆಯಲಾಗಲಿಲ್ಲ. "ಆಂಟೀ, ಇನ್ನು ನಾಲ್ಕೇ ಔಟು! ನೋ-ಹಿಟ್ಟರ್!"

ಅವರು ನನ್ನ ಬಾಯಿಗೆ ಕೈ ಅಡ್ಡ ಇಟ್ಟರು. ತಡವಾಗಿತ್ತು. ಮುಂದಿನ ಚೆಂಡು ಗುಬ್ಬಚ್ಚಿಯ ಗ್ಲೋವಿನ ಮೇಲಿಂದ ಹಾರಿ ಹುಲ್ಲಿಗೆ ಬಿತ್ತು. ಹಿಟ್. ಮುಂದಿನ ಸಾಲಿನಲ್ಲಿದ್ದ, ನಮ್ಮ ಟೀಮಿನ ಟೋಪಿ ಹಾಕಿದ್ದ ಮುದುಕ ತಿರುಗಿ, "ಯೂ ಹ್ಯಾಡ್ ಟು ಸೇ ಇಟ್, ಲೇಡಿ!" ಎಂದ.

ವಾಪಸು ಬರುವಾಗ ಫ್ರೀವೇ ತುಂಬ ನನ್ನ ಅಳು.

"ನೆಟ್ಟಗೆ ಡ್ರೈವ್ ಮಾಡೆ. ನೀನು ಮಾತಾಡಿದ್ದಕ್ಕೇ ಚೆಂಡು ಹಾರೋದಾದ್ರೆ ನಿನ್ನನ್ನೇ ಟೀಮಿಗೆ ಸೇರಿಸ್ಕೋತಿದ್ರು. ಇಪ್ಪತ್ತೇಳರಲ್ಲಿ ಇಪ್ಪತ್ತಮೂರು ಔಟು ಬರ್ದೆ, ಒಂದೂ ತಪ್ಪಿಲ್ಲ. ಆಮೇಲೆ ಹಿಟ್ ಆಯ್ತು, ಹಿಟ್ ಅಂತ ಬರ್ದೆ." ಒಂದು ಮೈಲಿ ಕಳೆದ ಮೇಲೆ, "ಆದ್ರೂ ಇನ್ನೊಂದ್ಸಲ ಬಾಯಿ ಮುಚ್ಕೊಂಡಿರು."

ಇನ್ನೊಂದು ಸಲ ಬರಲಿಲ್ಲ. ಎರಡು ವರ್ಷವೂ ತುಂಬದೆ ಕಣ್ಣು ಹೋಯಿತು.

ಅವರನ್ನು ಕಡೆಯ ಸಲ ಕಂಡಿದ್ದು ಎಂಬತ್ತರ ದಶಕದಲ್ಲಿ, ಕಲ್ವರ್ ಸಿಟಿಯ ಪಾರ್ಕೊಂದರಲ್ಲಿ. ಅವರ ಮೊಮ್ಮಗಳು ಸಾಫ್ಟ್‌ಬಾಲ್ ಆಡುತ್ತಿದ್ದಳು. ಬೆಂಚಿನ ಮೇಲೆ ಅವರ ಪಕ್ಕ ಕೂತು, ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಕೇಳಿದೆ. "ಆ ಪುಟ ನಿಮಗೆ ಸಿಗಲೇ ಇಲ್ವಲ್ಲ ಆಂಟಿ?"

"ರೇಡಿಯೋದಲ್ಲಿ ಒಂದು ಸಿಕ್ತು. ಸೊಸೆ ಬರ್ಕೋತೀನಿ ಅಂದ್ಲು, ಬೇಡ ಅಂದೆ. ನಾನು ನೋಡ್ದೇ ಇರೋದು ನನ್ನ ಪುಸ್ತಕದಲ್ಲಿ ಯಾಕೆ?"

ಬ್ಯಾಟಿನ ಸದ್ದಾಯಿತು. "ಫೌಲ್" ಎಂದರು, ಸದ್ದಿನಿಂದಲೇ. ಹೊಡೆದ ಚೆಂಡು ಗೆರೆಯಾಚೆ ಬಿದ್ದರೆ ಫೌಲ್, ಒಳಗೆ ಬಿದ್ದರೆ ಫೇರ್.

"ಅಜ್ಜೀ, ಇಟ್ ವಾಸ್ ಫೇರ್!" ಮೊಮ್ಮಗಳು ಅಲ್ಲಿಂದಲೇ ಕೂಗಿದಳು.

"ಫೌಲೇ ಕಣೆ!"

ಫೌಲೇ ಆಗಿತ್ತು.

ನಾನು ಸ್ಯಾಂಟಾ ಕ್ಲಾರಿಟಾದ ನಮ್ಮ ಹೊಸ ಮನೆಗೆ ಹಿಂತಿರುಗಬೇಕಿತ್ತು, ಟ್ರಾಫಿಕ್ ಶುರುವಾಗುವ ಹೊತ್ತು. ಎದ್ದೆ.

"ಕೂತ್ಕೊಳೆ. ಇನ್ನೂ ಎರಡೇ ಔಟ್ ಆಗಿರೋದು, ಮೂರನೇದು ಬಾಕಿ."

"ಮುಂದಿನ ವಾರ ಬರ್ತೀನಿ ಆಂಟಿ" ಎಂದೆ. ಆ ಮುಂದಿನ ವಾರ ಅವರು ಇರಲಿಲ್ಲ. ಆಟದ ಮಧ್ಯೆ ಎದ್ದು ಹೋಗುವವರಿಗೆ ಅವರು ಎಂದೂ ಬೈ ಹೇಳಿದವರಲ್ಲ. ಅವತ್ತೂ ಹೇಳದೆ ಮುಖವನ್ನು ಮೈದಾನದ ಕಡೆ ತಿರುಗಿಸಿಕೊಂಡರು. ಗೇಟಿನ ಹತ್ತಿರ ಕಾರಿನ ಕೀ ಹುಡುಕುತ್ತಿದ್ದೆ. ಹಿಂದೆ ಮತ್ತೊಮ್ಮೆ ಬ್ಯಾಟಿನ ಸದ್ದು, ಅಂಪೈರ್ ಬಾಯಿ ತೆರೆಯುವ ಮೊದಲೇ ಅವರ ದನಿ, ಇಡೀ ಕ್ಲಾಸಿಗೆ ಕೇಳುವಂತೆ: "ಫೇರ್!"