ಶ್ರಾವಣದಲ್ಲಿ ಕರಿದ ಕೋಳಿ ಕಡುಬು

ಎರಡು ಕಿಲೋ ಕೋಳಿ ಕೀಮಾ, ಮೈದಾ, ಈರುಳ್ಳಿ, ಎಣ್ಣೆ ಎಲ್ಲ ಸೇರಿ ಆರುನೂರು ರೂಪಾಯಿಯೊಳಗೆ ಮುಗಿಸಿದ್ದೆ. ಬೇರೆ ತಿಂಗಳಲ್ಲಾದರೆ ಕೀಮಾ ಒಂದಕ್ಕೇ ಅಷ್ಟಾಗುತ್ತಿತ್ತು. ಅಗ್ಗಕ್ಕೆ ಸಿಗಲು ಕಾರಣವಿತ್ತು. ಅದು ಕಳೆದ ವರ್ಷದ ಶ್ರಾವಣ. ಶ್ರಾವಣ ಹಿಡಿಯಿತೆಂದರೆ ನಮ್ಮ ಬೆಳಗಾವಿಯಲ್ಲಿ ಎಷ್ಟೋ ಮನೆಗಳು ಗಣಪತಿ ಹಬ್ಬ ಮುಗಿಯುವ ತನಕ ಮಾಂಸ ಮುಟ್ಟುವುದಿಲ್ಲ. ಕೋಳಿ ಅಂಗಡಿಯವನು ನೊಣ ಓಡಿಸುತ್ತ ಕುಳಿತಿರುವಾಗ ಹೋಗಿ ನಿಂತರೆ ದರ ತಾನೇ ಇಳಿಯುತ್ತದೆ. ನಾನು ಅದರ ಮೇಲೂ ಇಳಿಸಿದೆ, ಕೀಮಾ ಹೊಡೆದುಕೊಡುವ ಕೂಲಿಯನ್ನೂ ಬಿಡಿಸಿದೆ. ಮನೆಗೆ ಬರುವಾಗ ಇಡೀ ಊರಿನಲ್ಲಿ ನನ್ನಷ್ಟು ಜಾಣೆ ಇನ್ನೊಬ್ಬಳಿಲ್ಲ ಅನ್ನಿಸಿತ್ತು.

ಕೊಂಡದ್ದು ಮನೆಯವರು ತಿನ್ನಲಿಕ್ಕಲ್ಲ. ಉದ್ಯಮಬಾಗದ ಕಾರ್ಖಾನೆ ಕೆಲಸಗಾರರಿಗೆ ಚಪಾತಿ ಪಲ್ಯ ಕಟ್ಟಿಕೊಡುತ್ತ ಮೇಲೆ ಬಂದವಳು ನಾನು. ಈಗಿನ ಹುಡುಗರ ಬಾಯಲ್ಲಿ ಬರೀ ಮೊಮೊ. ಅದನ್ನೇ ನಮ್ಮ ಕರ್ಚಿಕಾಯಿಯ ಹಾಗೆ ಮಡಚಿ, ಒಳಗೆ ಕೋಳಿ ತುಂಬಿ, ಗರಿಗರಿಯಾಗಿ ಕರಿಯುವ ಒಂದು ಬಗೆಯನ್ನು ನಾನೇ ಕಂಡುಕೊಂಡಿದ್ದೆ. ಖಾನಾಪುರ ಬಸ್ ಸ್ಟ್ಯಾಂಡ್ ಎದುರಿಗೆ ವಡಾಪಾವ್ ಅಂಗಡಿ ಇಟ್ಟವರೊಬ್ಬರು ಗಣಪತಿ ಆದ ಮೇಲೆ ಪಕ್ಕದಲ್ಲೇ ಕೋಳಿ ತಿನಿಸಿನ ಕೌಂಟರ್ ತೆರೆಯುವವರಿದ್ದರು. ಬೇರೊಬ್ಬ ವ್ಯಾಪಾರಿ ಆಗಲೇ ಐಸಿನಲ್ಲಿಟ್ಟ ಪ್ಯಾಕೆಟ್ ಮಾಲು ತೋರಿಸಿ ಹೋಗಿದ್ದ. ಗುರುವಾರ ಸಂಜೆಯೊಳಗೆ ನಿಮ್ಮದನ್ನೂ ತನ್ನಿ, ತಡವಾದರೆ ಅವನಿಗೇ ಹೂಂ ಅಂತೀನಿ ಎಂದು ಅವರು ಫೋನಿನಲ್ಲಿ ಹೇಳಿದ್ದರು. ದಿನವೂ ಮಾಲು ಎತ್ತುವ ಅಂಗಡಿ ಸುಮ್ಮನೆ ಸಿಗುತ್ತದೆಯೇ? ಅದೊಂದು ಕೈಗೆ ಬಂದರೆ ನನ್ನ ವ್ಯಾಪಾರ ಹೊಸ್ತಿಲು ದಾಟುತ್ತಿತ್ತು.

ಗುರುವಾರ ಬೆಳಿಗ್ಗೆ ಕೀಮಾ ಚೀಲ ಹಿಡಿದು ಬಂದರೆ ನಮ್ಮ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು.

“ಶ್ರಾವಣದಾಗ ಅಡಗಿಮನ್ಯಾಗ ಕೋಳಿ ಬಂತಂದ್ರ ನಾ ಬೀಡಿ ಊರಾಗಿನ ಮಗಳ ಮನಿಗೆ ಹೊಂಟೆ ನೋಡವಾ.”

“ನೀವ್ಯಾಕ ಹೋಗ್ತೀರಿ ಅತ್ತಿ, ನಾನ ಹಿತ್ತಲಕ್ಕ ಹೋಗ್ತೀನಿ,” ಅಂದೆ.

ಕೊನೆಗೆ ಒಪ್ಪಂದವಾಯಿತು. ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಕೋಳಿ ಮುಟ್ಟಿದ ಕೈಯಿಂದ ನಾನು ಒಳಗೆ ಏನನ್ನೂ ಮುಟ್ಟುವಂತಿಲ್ಲ. ಬೇಕಾದ್ದನ್ನು ಅವರೇ ಕಿಟಕಿಯಿಂದ ಕೊಡುತ್ತಾರೆ. ಮೈದಾ ಕೊಟ್ಟರು, ಚಿರೋಟಿ ರವೆ ಕೊಟ್ಟರು, ಹಿಟ್ಟಿಗೆ ಬೇಕಾದಷ್ಟು ಉಪ್ಪು ಕೊಟ್ಟರು. ಕಾಸಿದ ಎಣ್ಣೆ ಹಾಕಿ ಗಟ್ಟಿಯಾಗಿ ನಾದಿದೆ. ಅಷ್ಟರಲ್ಲಿ ಅತ್ತೆ ಗುಡಿಗೆ ಹೋದರು. ನಾನು ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಈರುಳ್ಳಿ ಹಾಕಿ ಕೀಮಾವನ್ನು ನೀರು ಇಂಗುವ ತನಕ ಹುರಿದು, ಆರಿಸಿ, ತುಂಬಿದೆ. ಒಂದು ಸಲ ಸಣ್ಣ ಉರಿಯಲ್ಲಿ ಅರ್ಧ ಕರಿದೆ, ಎರಡನೇ ಸಲ ಅಂಗಡಿಯಲ್ಲೇ ಕರಿಯುವುದೆಂದು. ರುಚಿ ನೋಡುವ ಮಾತೇ ಇಲ್ಲ, ನಾನೂ ಶ್ರಾವಣ ಹಿಡಿದವಳು. ವಾಸನೆ ಘಮ್ಮೆಂದಿತು, ಅಷ್ಟು ಸಾಕು ಅಂದುಕೊಂಡೆ. ಡಬ್ಬಿಯಲ್ಲಿಟ್ಟರೆ ಹಬೆಗೆ ಮೆತ್ತಗಾಗುತ್ತವೆಂದು ಬುಟ್ಟಿಗೆ ಪೇಪರ್ ಹಾಸಿ, ಮೇಲೆ ತೆಳು ಬಟ್ಟೆ ಮುಚ್ಚಿ ಖಾನಾಪುರದ ಬಸ್ಸು ಹತ್ತಿದೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ, ಆ ಖರ್ಚೂ ಇಲ್ಲ.

ಅಂಗಡಿಯವರು ಬುಟ್ಟಿ ನೋಡಿ ಖುಷಿಯಾದರು. ಆದರೆ ವಡಾ ಕರಿಯುವ ಕಡಾಯಿಗೆ ಕೋಳಿ ಬೀಳಕೂಡದು ಎಂದರು. ಕೌಂಟರಿಗೆಂದು ತಂದಿಟ್ಟ ಹೊಸ ಕಡಾಯಿ ಇಳಿಸಿಕೊಟ್ಟರು. ಎಣ್ಣೆ ಚೆನ್ನಾಗಿ ಕಾದ ಮೇಲೆ ಕಡುಬುಗಳನ್ನು ಎರಡನೇ ಸಲ ಬಿಟ್ಟೆ. ಬಂಗಾರದ ಬಣ್ಣ ಬಂತು. ಒಂದನ್ನು ಅವರು ಕಿವಿಯ ಹತ್ತಿರ ಹಿಡಿದು ಮುರಿದರು. ಹಪ್ಪಳ ಮುರಿದ ಹಾಗೆ ಸದ್ದಾಯಿತು. ನನ್ನ ಎದೆ ಅರಳಿತು. ತಿಂದು ನೋಡ್ರಿ ಅಂದೆ.

“ಹ್ಯಾಂಗ ತಿನ್ನೂದು ತಂಗಿ? ಶ್ರಾವಣ ಐತಲ್ಲ.”

ಆಗ ತಲೆಗೆ ಹೊಳೆಯಿತು. ಯಾವ ಕಾರಣಕ್ಕೆ ಕೋಳಿ ಅಗ್ಗವಾಗಿತ್ತೋ ಅದೇ ಕಾರಣಕ್ಕೆ ತಿನ್ನುವ ಬಾಯಿಯೂ ಇರಲಿಲ್ಲ. ಅಂಗಡಿಯಲ್ಲಿದ್ದ ಇಬ್ಬರು ಕೆಲಸದವರೂ ತಲೆ ಅಲ್ಲಾಡಿಸಿದರು. ರುಚಿ ನೋಡದೆ ಮಾಲು ಹ್ಯಾಗೆ ತಗೊಳ್ಳಲಿ, ಆ ಪ್ಯಾಕೆಟ್ಟಿನವನ ಮಾಲು ಆಷಾಢದಲ್ಲೇ ತಿಂದು ನೋಡಿದ್ದೇನೆ ಅಂದರು ಯಜಮಾನರು. ತಟ್ಟೆ ಹಿಡಿದು ಸೀದಾ ಬಸ್ ಸ್ಟ್ಯಾಂಡಿಗೆ ನಡೆದೆ. ಲೋಂಡಾ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹೆಂಗಸಿನ ಕೊರಳಲ್ಲಿ ಶಿಲುಬೆಯ ಸರ ಕಂಡಿತು.

“ಬಾಯಾರ, ನಿಮಗ ಶ್ರಾವಣ ಐತೇನ್ರಿ?”

ಆಕೆ ಮೇಲೆ ಕೆಳಗೆ ನೋಡಿದರು. “ನಮ್ಮ ಉಪಾಸ ಈಸ್ಟರಕಿಂತ ಮೊದ್ಲರೀ. ಈಗ ಏನ್ ಕೊಟ್ರೂ ತಿಂತೀನಿ.”

ಅಂಗಡಿಗೆ ಕರೆತಂದೆ. ಯಜಮಾನರು ವಡಾ ಬಿಟ್ಟು ಈಕೆಯ ಬಾಯಿಯನ್ನೇ ನೋಡುತ್ತ ನಿಂತರು. ಆಕೆ ಕಚ್ಚಿದರು, ಅಗಿದರು, ಕಣ್ಣು ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಸಪ್ಪಳ ಪಟಾಕಿದು ಐತಿ. ರುಚಿ ಮಾತ್ರ ದವಾಖಾನಿದು. ಒಳಗ ಉಪ್ಪ ಎಲ್ಲೈತವಾ?”

ಹಿಟ್ಟಿಗೆ ಉಪ್ಪು ಬಿದ್ದಿತ್ತು, ಕೀಮಾಕ್ಕೆ ಬಿದ್ದಿರಲೇ ಇಲ್ಲ. ಉಪ್ಪಿನ ಭರಣಿ ಅಡುಗೆಮನೆಯೊಳಗೆ, ಕೊಡುವವರು ಗುಡಿಯಲ್ಲಿ. ಯಜಮಾನರು ಪಾವ್ ಕೊಯ್ಯಲು ತಿರುಗಿದರು. ಅಷ್ಟರಲ್ಲಿ ಲೋಂಡಾ ಬಸ್ಸು ಬಂದು ಹಾರ್ನ್ ಹೊಡೆಯಿತು. ಆಕೆ ಚೀಲ ಎತ್ತಿಕೊಂಡರು.

ವಡಾಪಾವಿಗೆ ಹಚ್ಚುವ ಕೆಂಪು ಬೆಳ್ಳುಳ್ಳಿ ಚಟ್ನಿಪುಡಿಯ ಡಬ್ಬಿ ಎದುರಿಗೇ ಇತ್ತು. ಕೇಳುತ್ತ ನಿಲ್ಲಲಿಲ್ಲ. ಬಟ್ಟಲಿಗೆ ನಾಲ್ಕು ಚಮಚ ಸುರಿದೆ, ಉಪ್ಪು ಹಾಕಿದೆ, ನಿಂಬೆಹಣ್ಣು ಹಿಂಡಿದೆ, ಮೇಲೆ ಒಂದು ಸೌಟು ಕಾದ ಎಣ್ಣೆ ಬಿಟ್ಟೆ. ಚೊಂಯ್ ಎಂದು ಅಂಗಡಿಯೆಲ್ಲ ಘಾಟು ತುಂಬಿತು.

“ಬಾಯಾರ, ಇನ್ನೊಂದ ಸಲ. ನನ್ನ ಅನ್ನದ ಪ್ರಶ್ನಾ ಐತ್ರಿ.”

ಆಕೆ ಬಸ್ಸು ನೋಡಿದರು, ನನ್ನನ್ನು ನೋಡಿದರು, ಚೀಲ ಕೆಳಗಿಟ್ಟರು. ಬಸ್ಸು ಹೊರಟುಹೋಯಿತು. ಒಂದು ಕಡುಬು ಮುರಿದು ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟರು. ಇನ್ನೊಂದು ತೆಗೆದುಕೊಂಡರು. ಮೂರನೆಯದಕ್ಕೆ ಕೈ ಚಾಚುತ್ತ ಯಜಮಾನರಿಗೆ ಹೇಳಿದರು: “ಅಣ್ಣಾ, ನೀ ತಗೋಳೋದಿಲ್ಲಂದ್ರ ಹೇಳು, ಉಳಿದದ್ದು ನಾ ಮನಿಗೆ ಒಯ್ತೀನಿ.”

ಯಜಮಾನರು ನಕ್ಕರು. ಆದರೂ ವ್ಯಾಪಾರಿಯಲ್ಲವೇ, ಉಪ್ಪು ಮರೆತದ್ದಕ್ಕೆ ರೇಟು ಸ್ವಲ್ಪ ಇಳಿಸಿ ಅಂದರು. ನಾನೂ ಬಿಡುವವಳಲ್ಲ.

“ಉಪ್ಪು ಕಡಿಮಿ ಬಿದ್ದೈತ್ರಿ ಅಣ್ಣಾರ, ಕೋಳಿ ಕಡಿಮಿ ಬಿದ್ದಿಲ್ಲ.”

ಹೇಳಿದ ದರಕ್ಕೇ ಒಪ್ಪಿದರು. ಚಟ್ನಿಯನ್ನೂ ನಾನೇ ಮಾಡಿ ಕಳಿಸಬೇಕು ಎಂಬ ಷರತ್ತು ಹಾಕಿದರು, ಅದಕ್ಕೆ ಬೇರೆ ದರ ಹೇಳಿದೆ. ಗಣಪತಿ ಕಳೆದ ಮೇಲೆ ಶುರುವಾದ ಆ ಮಾಲು ಈಗಲೂ ದಿನಾ ಖಾನಾಪುರದ ಬಸ್ಸು ಹತ್ತುತ್ತದೆ. ಆ ಬಾಯಾರ ಹೆಸರು ಕೇಳುವಷ್ಟೂ ತಾಳ್ಮೆ ಆಗ ನನಗಿರಲಿಲ್ಲ. ಅಡ್ವಾನ್ಸ್ ಕೈಗೆ ಬಂದ ಸಂಭ್ರಮದಲ್ಲಿ ಕುಣಿಯುತ್ತಿದ್ದೆ. ಬುಟ್ಟಿಯಲ್ಲಿ ಉಳಿದದ್ದನ್ನೆಲ್ಲ ಚಟ್ನಿ ಸಮೇತ ಅವರ ಚೀಲಕ್ಕೆ ತುಂಬಿ, ಮುಂದಿನ ಬಸ್ಸಿನಲ್ಲಿ ಸೀಟು ಹಿಡಿದು ಕೂರಿಸಿದೆ. ಗುರುತಿಲ್ಲದವಳಿಗಾಗಿ ಬಸ್ಸು ಬಿಟ್ಟು ನಿಂತರಲ್ಲ, ನೆನೆದರೆ ಈಗಲೂ ಮನಸ್ಸು ತುಂಬುತ್ತದೆ.

ನೀವೂ ಮನೆಯಲ್ಲಿ ಮಾಡುವುದಾದರೆ ಕೇಳಿ. ಕೀಮಾದ ನೀರು ಪೂರ್ತಿ ಇಂಗದೆ ತುಂಬಬೇಡಿ, ಕಡುಬು ಎಣ್ಣೆಯಲ್ಲಿ ಒಡೆಯುತ್ತದೆ. ಎರಡು ಸಲ ಕರಿಯಿರಿ, ಮೊದಲು ಸಣ್ಣ ಉರಿಯಲ್ಲಿ, ಬಡಿಸುವ ಮುಂಚೆ ಜೋರು ಉರಿಯಲ್ಲಿ. ಬಿಸಿಯಿರುವಾಗ ಮುಚ್ಚಳ ಹಾಕಲೇಬೇಡಿ. ಶ್ರಾವಣದಲ್ಲಿ ಕೋಳಿ ಅಗ್ಗ, ಧಾರಾಳವಾಗಿ ಕೊಳ್ಳಿ, ಚೌಕಾಸಿಯನ್ನೂ ಮಾಡಿ. ಆದರೆ ಒಲೆ ಹೊತ್ತಿಸುವ ಮೊದಲು ತಿಂದು ನೋಡಿ ಖರೇ ಹೇಳುವವರೊಬ್ಬರನ್ನು ಬಾಜೂ ಮನೆಯಿಂದಾದರೂ ಕರೆದು ಕೂರಿಸಿಕೊಳ್ಳಿ.