ಅಯ್ಯನವರ ತಕರಾರು

ಖಾನಾಪುರದ ನಮ್ಮ ಚರ್ಚಿನ ಅಯ್ಯನವರು ಪ್ರಸಂಗ ಎಲ್ಲಿಂದ ಶುರು ಮಾಡಿದರೂ ಮದಲಿಂಗನ, ಅಂದರೆ ಮದುವೆ ಗಂಡಿನ, ಹತ್ತಿರವೇ ಬಂದು ನಿಲ್ಲುತ್ತಿದ್ದರು. ಅವರ ಪಾಲಿಗೆ ದೇವರು ಮದಲಿಂಗ, ನಾವು ಅವನಿಗೆ ಮಾತು ಕೊಟ್ಟ ಹೆಣ್ಣು. ಜಾರಿದ ಕನ್ನಡಕ ಏರಿಸಿಕೊಂಡು, “ಕೈ ಹಿಡದಾಂವ ಬಿಡಂಗಿಲ್ರಿ, ಬಿಡಾವ್ರು ನಾವು” ಅನ್ನುತ್ತಿದ್ದರು.

ಎಪ್ಪತ್ತರ ದಶಕದ ಮಾತು. ಹಂಚಿನ ಕಾರ್ಖಾನೆ ಸಾಹುಕಾರರ ಮಗ ಅನಗೋಳದ ನರ್ಸ್ ಹುಡುಗಿಗೆ ನಮ್ಮ ಚರ್ಚಿನಲ್ಲೇ ಉಂಗುರ ತೊಡಿಸಿದ್ದ. ಆಮೇಲೆ ಬೆಳಗಾವಿಯ ಶ್ರೀಮಂತರ ಸಂಬಂಧ ಬಂತೆಂದು ಆಕೆಯನ್ನು ಬಿಟ್ಟ. ಮದುವೆಗೆ ಮೊದಲು ಮೂರು ಭಾನುವಾರ ಚರ್ಚಿನಲ್ಲಿ ಗಂಡು-ಹೆಣ್ಣಿನ ಹೆಸರು ಓದಿ, ಯಾರದಾದರೂ ತಕರಾರು ಇದೆಯೇ ಎಂದು ಕೇಳುವುದು ನಮ್ಮ ಪದ್ಧತಿ. ಮೊದಲ ಭಾನುವಾರ ಅಯ್ಯನವರು ಈ ಹೊಸ ಜೋಡಿಯ ಹೆಸರು ಓದಿದರು, ಕೇಳಿದರು. ಎಲ್ಲ ಗೊತ್ತಿದ್ದ ಸಭೆ ನೆಲ ನೋಡುತ್ತ ಕುಳಿತಿತ್ತು. ಆಗ ಅವರು ತಾವೇ ಕೈ ಎತ್ತಿದರು.

“ನಂದೈತ್ರಿ ತಕರಾರು! ಆ ಹುಡುಗಿ ಉಂಗುರಕ್ಕ ಪ್ರಾರ್ಥನಾ ಮಾಡಿದಾಂವ ನಾನು.”

ಸಾಹುಕಾರರು ಎದ್ದರು. “ಅಯ್ನೋರ, ಓದೂದಷ್ಟ ನಿಮ್ಮ ಕೆಲಸ. ವರ್ಗಾ ಮಾಡಸ್ಲೇನು?”

“ಮಾಡಸ್ರಿ.”

“ಬಿಟ್ಟವ್ರನ್ನೂ ಮದಲಿಂಗ ಕ್ಷಮಿಸ್ತಾನಂತ ವಾರಾ ವಾರಾ ಹೇಳಾವ್ರು ನೀವಲ್ಲೇನು?”

“ಅಂವ ದೇವರು ಅದಾನ, ಕ್ಷಮಿಸ್ತಾನ,” ಅಂದರು ಅಯ್ಯನವರು. “ಆದ್ರ ಈ ಹೆಸರು ಇನ್ನೆರಡು ಸಲ ಓದಬೇಕಾದಾಂವ ನಾನದೀನ್ರಿ. ನಾ ಓದಂಗಿಲ್ಲ!”